ಶಾಲೆಯ ತಿಂಡಿ ಅಂಗಡಿ: ಲಾಭ ಎಷ್ಟು, ದಾನ ಎಷ್ಟು?

ಚಿಕ್ಕಬಾಣಾವರದ ಕಡೆ ಬಂದವರಿಗೆ ಈಗ ಹೊಲ ಕಾಣೋದೇ ಅಪರೂಪ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಹೆಸರಘಟ್ಟ ರಸ್ತೆಯ ಬಡಾವಣೆಗಳು. ನಡುವೆ ನನಗೆ ಉಳಿದಿರುವುದು ಎರಡು ಎಕರೆ ಖುಷ್ಕಿ. ಮಳೆ ನಂಬಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಒಂದಿಷ್ಟು ಕಡಲೆಕಾಯಿ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಕಿರಿಮಗಳ ಶಾಲೆಯ ಪರಿಸರ ಸಂಘದವರು ತಿಂಡಿ ಅಂಗಡಿ ಇಡೋದಕ್ಕೆ ನನ್ನ ಸಲಹೆ ಕೇಳಿದರು. ಅಲ್ಲಿ ಮಕ್ಕಳು ಕಲಿತದ್ದಕ್ಕಿಂತ ನಾನು ಕಲಿತದ್ದೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಸೋತದ್ದು

ಶಾಲೆಯ ಕೈತೋಟಕ್ಕೆ ನೀರಿನ ಪೈಪು, ಬೇಲಿ ಬೇಕಿತ್ತು. ವಾರ್ಷಿಕೋತ್ಸವದ ದಿನ ಅಂಗಡಿ ಇಟ್ಟು ಹಣ ಕೂಡಿಸೋಣ ಅಂತ ಮಕ್ಕಳು ಹೊರಟರು. ಚಿಪ್ಸ್ ಪೊಟ್ಟಣ, ಬಣ್ಣದ ಜ್ಯೂಸು ತಂದರು. ಹಾಕಿದ್ದು 2,400 ರೂಪಾಯಿ, ಬಂದದ್ದು 2,650. ಉಳಿದ ಮಾಲನ್ನು ಅಂಗಡಿಯವರು ವಾಪಸು ತಗೊಳ್ಳಲಿಲ್ಲ. ಮರುದಿನ ಮೈದಾನದ ತುಂಬ ಪ್ಲಾಸ್ಟಿಕ್. ಅದನ್ನು ಆರಿಸಿದವರೂ ಪರಿಸರ ಸಂಘದ ಮಕ್ಕಳೇ!

ಆಮೇಲೆ ಮೇಷ್ಟ್ರು ಇನ್ನೊಂದು ವಿಷಯ ತಿಳಿಸಿದರು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾರುವಂತಿಲ್ಲ. ಗೇಟಿನಿಂದ 50 ಮೀಟರ್ ತನಕವೂ ಮಾರುವಂತಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಮ್ಮ ರಾಜ್ಯ ಸರಕಾರ 2024ರ ಮಾರ್ಚಿಯಲ್ಲಿ ನಿಷೇಧಿಸಿತು. ಹಾಗಾದರೆ ಮಾರೋದು ಏನನ್ನ?

ಹೊಲದಲ್ಲಿರೋದನ್ನೇ ಮಾರಿ ಅಂದೆ. ಎರಡನೇ ವರ್ಷ ಮೂರೇ ಬಾಬತ್ತು ಇಟ್ಟೆವು: ಬೇಯಿಸಿದ ಕಡಲೆಕಾಯಿ, ಅವರೆಕಾಳು ಉಸ್ಲಿ, ನೀರು ಮಜ್ಜಿಗೆ. ಬಾಬತ್ತು ಹೆಚ್ಚಾದಷ್ಟೂ ಗೊಂದಲ ಹೆಚ್ಚು, ಉಳಿಯುವುದೂ ಹೆಚ್ಚು.

ತಯಾರಿ

ಒಣ ಕಡಲೆಕಾಯಿಯನ್ನು ಹಿಂದಿನ ರಾತ್ರಿ ನೆನೆಹಾಕಬೇಕು. ಅದಕ್ಕೂ ಮೊದಲು ಆರಿಸಬೇಕು. ಬೂಸ್ಟು ಹಿಡಿದದ್ದು, ಕಪ್ಪಾದದ್ದು, ಮುರುಟಿದ್ದು ಒಂದೂ ಇರಬಾರದು. ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಕೆಲವು ಮಕ್ಕಳ ಮೈಗೆ ಕಡಲೆಕಾಯಿ ಆಗುವುದಿಲ್ಲ. ಹಾಗಾಗಿ ಅದರ ಪಾತ್ರೆ, ಸೌಟು ಬೇರೆ ಇರಲಿ, ಬೋರ್ಡಿನಲ್ಲೂ ಬರೆದಿರಲಿ.

ಡಿಸೆಂಬರ್ ಅಂದರೆ ಸೊಗಡು ಅವರೆಯ ಕಾಲ. ಅವರೆ ಬಿಡಿಸೋದೇ ದೊಡ್ಡ ಕೆಲಸ. ಎಂಟು ಜನ ಕೂತು ಮೂರು ಗಂಟೆ ಬಿಡಿಸಿದೆವು. 20 ಕೆಜಿ ಕಾಯಿಗೆ ಸುಮಾರು 8 ಕೆಜಿ ಕಾಳು ಸಿಕ್ಕಿತು. ಉಸ್ಲಿಗೆ ತೆಂಗಿನ ತುರಿಯನ್ನು ಬೆಳಗ್ಗೆಯೇ ಕಲಸಿಟ್ಟರೆ ಮಧ್ಯಾಹ್ನಕ್ಕೆ ಹಳಸಬಹುದು. ಮಾರುವ ಮುಂಚೆ ಸ್ವಲ್ಪ ಸ್ವಲ್ಪಕ್ಕೇ ಹಾಕಿಕೊಳ್ಳಿ.

ಮಜ್ಜಿಗೆಗೆ ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ಕಾಯಿಸಿ ಆರಿಸಿದ ನೀರು. ಕಡಲೆಕಾಯಿ, ಉಸ್ಲಿ ಮುತ್ತುಗದ ದೊನ್ನೆಯಲ್ಲಿ, ಮಜ್ಜಿಗೆ ಸ್ಟೀಲ್ ಲೋಟದಲ್ಲಿ. ಲೋಟ ತೊಳೆಯಲಿಕ್ಕೇ ಇಬ್ಬರನ್ನು ನಿಲ್ಲಿಸಿದ್ದೆವು. ಹಳೇ ಪೇಪರಿನಲ್ಲಿ ಕಟ್ಟಿಕೊಡಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ.

ದುಡ್ಡು ಮುಟ್ಟಿದ ಕೈ ತಿಂಡಿ ಮುಟ್ಟಬಾರದು. ಒಬ್ಬರು ಹಣ ಪಡೆದು ಚೀಟಿ ಕೊಡಬೇಕು, ಇನ್ನೊಬ್ಬರು ಚೀಟಿ ಇಸ್ಕೊಂಡು ತಿಂಡಿ ಕೊಡಬೇಕು. ಸಂಜೆ ಚೀಟಿ ಎಣಿಸಿದರೆ ಹಣದ ಲೆಕ್ಕ ತಾಳೆಯಾಗುತ್ತದೆ. ಬೆಳಗ್ಗೆಯೇ 300 ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಅದನ್ನು ವ್ಯಾಪಾರದ ಹಣಕ್ಕೆ ಸೇರಿಸಬೇಡಿ.

ಲೆಕ್ಕ

ಕಡಲೆಕಾಯಿ 15 ಕೆಜಿ, 80ರಂತೆ 1,200 ರೂಪಾಯಿ. ಅವರೆಕಾಯಿ 20 ಕೆಜಿ, 50ರಂತೆ 1,000. ಮೊಸರು 6 ಲೀಟರ್‌ಗೆ 300. ಎಣ್ಣೆ, ತೆಂಗಿನಕಾಯಿ, ಮೆಣಸಿನಕಾಯಿ, ಗ್ಯಾಸು 500. ದೊನ್ನೆಗೆ 400. ಒಟ್ಟು 3,400.

ಮಾರಿದ್ದು: ಕಡಲೆಕಾಯಿ 200 ದೊನ್ನೆ, 10ರಂತೆ 2,000. ಉಸ್ಲಿ 120 ದೊನ್ನೆ, 20ರಂತೆ 2,400. ಮಜ್ಜಿಗೆ 160 ಲೋಟ, 5ರಂತೆ 800. ಒಟ್ಟು 5,200.

ಮಕ್ಕಳು ಬೋರ್ಡಿನ ಮೇಲೆ ಬರೆದರು: ‘ಲಾಭ 4,000.’ ಹೇಗೆ ಅಂದೆ. ‘ಕಡಲೆಕಾಯಿ, ಅವರೆಕಾಯಿ ನಿಮ್ಮ ಹೊಲದ್ದು ಅಲ್ವಾ ಅಂಕಲ್? ಅದಕ್ಕೆ ಸೊನ್ನೆ ಹಾಕಿದ್ವಿ’ ಅಂದರು.

ಆ ಸೊನ್ನೆ ನನಗೆ ಚುಚ್ಚಿತು. ಹೊಲದಿಂದ ಬಂದದ್ದು ಅಂದರೆ ಬೆಲೆ ಇಲ್ಲದ್ದು ಅಂತಲಾ? ‘ಆ 2,200 ನಾನು ಕೊಟ್ಟ ದಾನ ಕಣ್ರೋ, ಅಂಗಡಿಯ ಲಾಭ ಅಲ್ಲ. ಪೆಟ್ಟಿಗೆಯಲ್ಲಿರೋದು 4,000. ಅಂಗಡಿ ಗಳಿಸಿದ್ದು 1,800. ಮುಂದಿನ ವರ್ಷ ನನಗೆ ಬೆಳೆ ಬರದಿದ್ದರೆ ನಿಮ್ಮ ಅಂಗಡಿ ನಿಲ್ಲಬೇಕಾದ್ದು ಆ 1,800ರ ಮೇಲೆ’ ಅಂದೆ.

ಮಗಳು ಎದ್ದು ನಿಂತು ಕೇಳಿದಳು, ‘ಅಪ್ಪ, ಅವರೆ ಬಿಡಿಸಿದ ಕೂಲಿ?’ ಎಂಟು ಜನ, ಮೂರು ಗಂಟೆ, ಒಟ್ಟು 24 ಗಂಟೆ. ಅಂದರೆ ಮೂರು ಆಳು. ಆಳಿಗೆ 500 ಹಿಡಿದರೂ 1,500. ಉಳಿದದ್ದು 300! ಬೇಯಿಸಿದವರ, ಮಾರಿದವರ ಕೂಲಿ ಇನ್ನೂ ಹಿಡಿದಿಲ್ಲ. ಯಾರೂ ಮಾತಾಡಲಿಲ್ಲ. ಉಸ್ಲಿಗೆ 20 ಸಾಲದು, 25 ಇಡಬೇಕಿತ್ತು ಅಂತ ಒಬ್ಬ ಹುಡುಗ ಅಂದ. ಸರಿಯಾದ ಮಾತು. 120 ದೊನ್ನೆಗೆ ಇನ್ನೂ 600 ಸಿಗುತ್ತಿತ್ತು.

ಮನೆಗೆ ಬಂದ ಮೇಲೆ

ಅವತ್ತು ರಾತ್ರಿ ನನ್ನ ಬೇಸಾಯದ ನೋಟ್‌ಪುಸ್ತಕ ತೆಗೆದೆ. ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಹೊರಗಿನ ಆಳಿನ ಕೂಲಿ ಎಲ್ಲಾ ಇದೆ. ಬೀಜ ಮನೆಯದು ಅಂತ ಬರೆದಿಲ್ಲ. ಕಳೆ ತೆಗೆದ, ಕಡಲೆಕಾಯಿ ಬಿಡಿಸಿದ ಹೆಂಡತಿಯ ಕೂಲಿ ಒಂದು ದಿನದ್ದೂ ಇಲ್ಲ. ಮಕ್ಕಳು ಹಾಕಿದ ಸೊನ್ನೆಯನ್ನೇ ನಾನು ಮೂವತ್ತು ವರ್ಷದಿಂದ ಹಾಕಿಕೊಂಡು ಬಂದಿದ್ದೆ. ಹಂಗೆ ಬರೆದದ್ದಕ್ಕೇ ಬೇಸಾಯದಲ್ಲಿ ಲಾಭ ಇದೆ ಅಂತ ಕಾಣುತ್ತಿತ್ತು. ಹೆಂಡತಿಗೆ ತೋರಿಸಿದೆ. ‘ಈಗಲಾದರೂ ಗೊತ್ತಾಯ್ತಲ್ಲ’ ಅಂದಳು.

ಪೆಟ್ಟಿಗೆಯ ಹಣದಿಂದ ಪೈಪು ಬಂತು. ಬೇಲಿ ಮುಂದಿನ ಸಲಕ್ಕೆ. ಈ ಸಲ ಕಡಲೆಕಾಯಿ, ಅವರೆಯನ್ನು ಸಂಘದವರು ಊರಿನ ಇಬ್ಬರು ರೈತರಿಂದ ಹಣ ಕೊಟ್ಟೇ ಕೊಳ್ಳಬೇಕು ಅಂತ ತೀರ್ಮಾನಿಸಿದ್ದಾರೆ. ದಾನ ಕೊಡುವವರು ಕೊಡಲಿ, ಅದಕ್ಕೆ ಬೇರೆ ಪುಟ.

ಅನೇಕ ಸರಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ನಿಮ್ಮೂರ ಶಾಲೆಯಲ್ಲೂ ನಡೆದರೆ ಸೊಪ್ಪು, ಕಾಳು ಕೊಟ್ಟು ಸುಮ್ಮನೆ ಬರಬೇಡಿ. ಜೊತೆಗೆ ಒಂದು ಚೀಟಿ ಕೊಡಿ. ಅದರಲ್ಲಿ ಬೀಜದ ಬೆಲೆ, ಗೊಬ್ಬರದ ಬೆಲೆ, ಮನೆಯವರ ಕೂಲಿ ಬರೆದಿರಲಿ. ಆ ಚೀಟಿಯ ಒಂದು ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.