ಓಟಿಪಿ ಒತ್ತುವ ಮುಂಚೆ

ಪ್ರಥಮ ಪಿಯುಸಿಯ ಇ-ಬಿಸಿನೆಸ್ ಪಾಠ ಓದುವಾಗ ‘ಎಲೆಕ್ಟ್ರಾನಿಕ್ ಸಹಿ’ ಎಂಬ ಪದವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈ ವರ್ಷ, ನಮ್ಮ ಮನೆಯಲ್ಲಿ.

ಅಬ್ಬಾ ಹುಬ್ಬಳ್ಳಿಯಲ್ಲಿ ಎಂಟು ಹೊಲಿಗೆ ಯಂತ್ರಗಳ ಸಣ್ಣ ಘಟಕ ನಡೆಸುತ್ತಾರೆ. ಶಾಲೆಗಳಿಗೆ ಯೂನಿಫಾರ್ಮ್ ಪೂರೈಸುವ ಬೆಂಗಳೂರಿನ ಒಂದು ಸಂಸ್ಥೆ ಪ್ರತಿ ವರ್ಷ ಆರ್ಡರ್ ಕೊಡುತ್ತದೆ. ಹೋದ ವರ್ಷ ಕರಾರು ಪತ್ರ ಕೊರಿಯರ್‌ನಲ್ಲಿ ಬಂತು. ಅಬ್ಬಾ ಸಹಿ ಹಾಕಿ ಕಳಿಸಿದರು. ಎರಡನೇ ಪುಟದಲ್ಲಿ ಸಹಿ ಬಿಟ್ಟುಹೋಗಿದೆ ಎಂದು ಅದು ವಾಪಸ್ ಬಂತು. ಹೀಗೆ 11 ದಿನ ಹೋಯಿತು. ಕರಾರು ಕೈಯಲ್ಲಿಲ್ಲದೆ ಬಟ್ಟೆ ಅಂಗಡಿಯವರು ಉದ್ರಿ ಕೊಡಲಿಲ್ಲ. ಜೂನ್ ಹತ್ತಿರ ಬಂದಾಗ ಅಮ್ಮಿ ರಾತ್ರಿ ಹನ್ನೆರಡರವರೆಗೆ ಕಾಜಾ-ಬಟನ್ ಮಾಡುತ್ತ ಕುಳಿತಿದ್ದರು.

ಈ ವರ್ಷ ಕಾಗದ ಬರಲಿಲ್ಲ, ಮೊಬೈಲಿಗೆ ಲಿಂಕ್ ಬಂತು. ಆಧಾರ್ ಸಂಖ್ಯೆ ಹಾಕಿ ಓಟಿಪಿ ಒತ್ತಿದರೆ ಸಹಿ ಮುಗಿಯಿತು! ನಮ್ಮಲ್ಲಿ ಅನೇಕರು ಸಹಿಯ ಫೋಟೋ ತೆಗೆದು ಪಿಡಿಎಫ್‌ಗೆ ಅಂಟಿಸುವುದೇ ಇ-ಸಹಿ ಎಂದುಕೊಂಡಿದ್ದಾರೆ. ಆ ಚಿತ್ರವನ್ನು ಯಾರು ಬೇಕಾದರೂ ಎತ್ತಿ ಬೇರೆಡೆ ಅಂಟಿಸಬಹುದು. ಆಧಾರ್ ಇ-ಸೈನ್ ಹಾಗಲ್ಲ. ತಂತ್ರಾಂಶವು ಇಡೀ ದಾಖಲೆಯಿಂದ ‘ಹ್ಯಾಶ್’ ಎಂಬ ಒಂದು ಸಂಖ್ಯೆಯನ್ನು ಲೆಕ್ಕ ಹಾಕುತ್ತದೆ. ಅದನ್ನು ದಾಖಲೆಯ ಹೆಬ್ಬೆಟ್ಟಿನ ಗುರುತು ಎನ್ನಬಹುದು. ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಸಹಿ ಮಾಡುವವರ ಖಾಸಗಿ ಕೀಲಿಯಿಂದ ಈ ಹ್ಯಾಶ್‌ಗೆ ಮುದ್ರೆ ಬೀಳುತ್ತದೆ. ಸಾರ್ವಜನಿಕ ಕೀಲಿಯಿಂದ ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದ್ದರಿಂದ ಸಹಿಯಾದ ಮೇಲೆ ಯಾರಾದರೂ ದರ ತಿದ್ದಿದರೆ ಸಿಕ್ಕಿಬೀಳುತ್ತಾರೆ.

ಇದಕ್ಕೆ ಕಾನೂನಿನ ಬಲವೂ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಇಂಥ ಸಹಿಗೆ ಮಾನ್ಯತೆ ಕೊಡುತ್ತದೆ. 2008ರ ತಿದ್ದುಪಡಿಯಲ್ಲಿ ಸೇರಿದ 10ಎ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ಅಸಿಂಧು ಎನ್ನುವಂತಿಲ್ಲ. ಆದರೆ ಉಯಿಲಿಗೆ ಇದು ನಡೆಯುವುದಿಲ್ಲ. ಅದಕ್ಕೆ ಇಂದಿಗೂ ಕಾಗದವೇ ಬೇಕು. ಮುದ್ರಾಂಕ ಶುಲ್ಕ ಕಟ್ಟಬೇಕಾದ ಕರಾರಾಗಿದ್ದರೆ ಇ-ಸಹಿ ಮಾಡಿದರೂ ಅದನ್ನು ಕಟ್ಟಲೇಬೇಕು.

ಲಿಂಕ್ ಬಂದಾಗ ಅಬ್ಬಾ ಮಗ್ರಿಬ್ ನಮಾಜಿಗೆ ಹೊರಡುವ ಅವಸರದಲ್ಲಿದ್ದರು. “ಹೋದ ವರ್ಷದ್ದೇ ಇದು ಬೇಟಾ, ಓಟಿಪಿ ನೋಡಿ ಹೇಳು” ಎಂದರು. ಕಾಗದವಾಗಿದ್ದರೆ ಅದು ಮೇಜಿನ ಮೇಲೆ ಎರಡು ದಿನ ಬಿದ್ದಿರುತ್ತಿತ್ತು, ಯಾರಾದರೂ ಓದುತ್ತಿದ್ದರು. ಲಿಂಕ್‌ಗೆ ಆ ಭಾಗ್ಯವಿಲ್ಲ. “ನೀವು ನಮಾಜ್ ಮುಗಿಸಿ ಬನ್ನಿ ಅಬ್ಬಾ, ಅಷ್ಟರಲ್ಲಿ ಓದಿರ್ತೀನಿ” ಎಂದೆ. ನಾಲ್ಕನೇ ಪುಟದಲ್ಲಿ ಹಣ ಪಾವತಿಯ ಅವಧಿ 30 ದಿನ ಇದ್ದದ್ದು 90 ದಿನ ಆಗಿತ್ತು. ಮೂರು ತಿಂಗಳು ಹಣ ಬರದಿದ್ದರೆ ಎಂಟು ಜನರ ಕೂಲಿ ಎಲ್ಲಿಂದ ತರುವುದು?

ಮರುದಿನ ನಮ್ಮ ವಾಣಿಜ್ಯ ಸರ್ ಅವರನ್ನು ಕೇಳಿದೆ. ಅವರು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ತೋರಿಸಿದರು. ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಪಡೆದು ಒಪ್ಪಿಕೊಂಡವರು, ಲಿಖಿತ ಒಪ್ಪಂದ ಏನೇ ಇದ್ದರೂ, 45 ದಿನ ಮೀರಿ ಹಣ ತಡೆಯುವಂತಿಲ್ಲ. ಅಬ್ಬಾ ಅವರ ಘಟಕ ಉದ್ಯಮ್‌ನಲ್ಲಿ ನೋಂದಣಿಯಾಗಿದೆ. ಇದನ್ನೇ ಬರೆದು ಇ-ಮೇಲ್ ಕಳಿಸಿದೆವು. ಹಳೆಯ ನಮೂನೆ ತಪ್ಪಾಗಿ ಸೇರಿತ್ತು ಎಂದು ಅವರು ಉತ್ತರಿಸಿದರು. ನಿಜವೋ ಸುಳ್ಳೋ, ಮೂರನೇ ದಿನ 30 ದಿನದ ಕರಾರು ಬಂತು. ಅಬ್ಬಾ ಪಕ್ಕದಲ್ಲಿ ಕೂತು ಪೂರ್ತಿ ಓದಿಸಿಕೊಂಡು ಸಹಿ ಮಾಡಿದರು. ನನಗೆ 17 ವರ್ಷ, ಕರಾರಿಗೆ ಸಹಿ ಹಾಕಲು 18 ಆಗಬೇಕು, ಹಾಗಾಗಿ ನನ್ನದು ಓದುವ ಕೆಲಸವಷ್ಟೇ. ಆ ಸಂಜೆಯೇ ಬಟ್ಟೆ ಅಂಗಡಿಯವರು ಉದ್ರಿ ಕೊಟ್ಟರು.

ಇನ್ನೊಂದು ಮಾತು. ಟೆಂಡರ್‌ಗೆಂದು ಮಾಡಿಸಿದ್ದ ಅಬ್ಬಾ ಅವರ ಡಿಎಸ್‌ಸಿ, ಅಂದರೆ ಪೆನ್‌ಡ್ರೈವ್‌ನಂಥ ಸಹಿ ಕೀಲಿ, ಲೆಕ್ಕಪತ್ರ ನೋಡುವವರ ಕಚೇರಿಯ ಡ್ರಾಯರ್‌ನಲ್ಲಿತ್ತು, ಪಾಸ್‌ವರ್ಡ್ ಚೀಟಿಯ ಸಮೇತ! ಖಾಲಿ ಚೆಕ್‌ಗಳಿಗೆ ಸಹಿ ಹಾಕಿ ಕೊಟ್ಟಂತೆಯೇ ಇದು. ಕಳೆದ ಶನಿವಾರ ಹೋಗಿ ವಾಪಸ್ ತಂದೆವು.