ಮೂಲ ಅಳಿಸುವ ಮುನ್ನ



ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಮೂರು ವರ್ಷದ ಕೆಲಸವನ್ನೆಲ್ಲ ಒಂದೇ ಕಡತಕ್ಕೆ ತುರುಕಿ, ಮೂಲ ಫೋಲ್ಡರನ್ನು ಇಂದೇ ಅಳಿಸಲು ಹೊರಟಿದ್ದೀಯಂತೆ. ಗಾಬರಿಯಾಗಿ ಬರೆಯುತ್ತಿದ್ದೇನೆ. ರೈಟ್ ಕ್ಲಿಕ್ಕಿನ ಜಿಪ್ಪೋ, ಟರ್ಮಿನಲ್ಲಿನ ಟಾರೋ, ಆಯ್ಕೆ ನಿನ್ನದು. ಆದರೂ ಟಾರ್ ಕಲಿ ಎನ್ನುತ್ತೇನೆ. ಅದು ಹುಟ್ಟಿದ್ದು ನಮ್ಮ ತಲೆಮಾರಿನ ಟೇಪ್ ಕಾಲದಲ್ಲಿ. 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಬಂತು. ಹೆಸರೂ ‘ಟೇಪ್ ಆರ್ಕೈವ್’ ಎಂಬುದರ ಮೊಟಕು ರೂಪ. ಟೇಪ್ ಸುರುಳಿ ಮೊದಲಿಂದ ಕೊನೆಗೆ ಓಡುವಂಥದ್ದು. ಹಾಗಾಗಿ ಹೆಸರು, ಒಡೆಯ, ಅನುಮತಿ, ತಾರೀಖು ಬರೆದ 512 ಬೈಟಿನ ಒಂದು ಚೀಟಿ, ಅದರ ಬೆನ್ನಿಗೇ ಕಡತ, ಮತ್ತೆ ಚೀಟಿ, ಮತ್ತೆ ಕಡತ, ಹೀಗೆ ಸಾಲಾಗಿ ಪೋಣಿಸುತ್ತಾ ಹೋಗುತ್ತದೆ. ಕುಗ್ಗಿಸುವ ಕೆಲಸವನ್ನು ಅದು ಬೇರೆಯವರಿಗೆ ಬಿಟ್ಟಿತು; ಬಾಳಿಕೆಯ ಗುಟ್ಟೂ ಅಲ್ಲೇ ಇದೆ. ಕುಗ್ಗಿಸುತ್ತಿದ್ದ ಹಳೆಯ ಕಂಪ್ರೆಸ್ ತಂತ್ರಾಂಶ ಪೇಟೆಂಟಿನ ತಕರಾರಿಗೆ ಸಿಕ್ಕಿದಾಗ 1992ರಲ್ಲಿ ಜಿಜಿಪ್ ಬಂತು, ಆಮೇಲೆ ಬಿಜಿಪ್2, ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್. ಟಾರ್ ಮಾತ್ರ ತನ್ನ ಜಾಗದಲ್ಲೇ ಉಳಿಯಿತು.

ಜಿಪ್ಪಿಗೇನು ಕಡಿಮೆ ಎಂದು ಕೇಳುತ್ತೀಯ. ಅದರ ಪಟ್ಟಿ ಕೊನೆಯಲ್ಲಿರುವುದರಿಂದ ಬೇಕಾದ ಒಂದೇ ಕಡತವನ್ನು ಥಟ್ಟನೆ ಹೊರತೆಗೆಯಬಹುದು. ಜಿಜಿಪ್ ಮಾಡಿದ ಟಾರ್ ನಡುವೆ ಕೆಟ್ಟರೆ ಮುಂದಿನದೆಲ್ಲ ಕೈಬಿಟ್ಟಂತೆ. ಎರಡನ್ನೂ ಒಪ್ಪುತ್ತೇನೆ. ಆದರೆ ಕೆಡುವುದಕ್ಕೆ ಮದ್ದು ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ. ಜಿಪ್ಪಿನ ಕೊರತೆಯೆಂದರೆ, ಲಿನಕ್ಸಿನಲ್ಲಿ ಬರಿಯ ಜಿಪ್ ಆಜ್ಞೆ ಸಿಂಬಾಲಿಕ್ ಲಿಂಕನ್ನು ಲಿಂಕಾಗಿ ಉಳಿಸದೆ ಅದು ತೋರಿಸುವ ಕಡತವನ್ನೇ ನಕಲು ಮಾಡಿಬಿಡುತ್ತದೆ. ಟಾರ್ ಇದ್ದದ್ದನ್ನು ಇದ್ದಂತೆ ಕಟ್ಟುತ್ತದೆ. ಇನ್ನು ಜಾಗದ ಮಾತು: ಜೆಪೆಗ್ ಫೋಟೋ, ಎಂಪಿ4 ವಿಡಿಯೋ ಆಗಲೇ ಕುಗ್ಗಿರುವಂಥವು. ಅವನ್ನು ಎಷ್ಟು ಹಿಂಡಿದರೂ ಉಳಿತಾಯ ಅತ್ಯಲ್ಪ.

ಆಜ್ಞೆಯನ್ನು ಓದದೆ ಎಲ್ಲಿಂದಲೋ ತಂದು ಅಂಟಿಸುವ ನಿಮ್ಮ ತಲೆಮಾರಿನವರ ಚಾಳಿಯೇ ನನಗೆ ಸಿಟ್ಟು ತರಿಸುವುದು. ಸಿ ಎಂದರೆ ಕಟ್ಟು, ಎಕ್ಸ್ ಎಂದರೆ ಬಿಚ್ಚು, ಟಿ ಎಂದರೆ ಪಟ್ಟಿ ತೋರಿಸು. ಎಫ್‌ನ ಮುಂದಿನ ಪದವೇ ಗಂಟಿನ, ಅಂದರೆ ಕಟ್ಟಿದ ಕಡತದ, ಹೆಸರು. ಅಲ್ಲಿ ಹೆಸರು ಕೊಡಲು ಮರೆತು ನೇರವಾಗಿ ನಿನ್ನ ವರದಿಯ ಕಡತವನ್ನೂ ಅದರ ಬೆನ್ನಿಗೆ ಉಳಿದ ಕಡತಗಳನ್ನೂ ಬರೆದರೆ, ಟಾರ್ ಒಂದು ಮಾತೂ ಕೇಳದೆ ಆ ವರದಿಯ ಮೇಲೆಯೇ ಗಂಟು ಕಟ್ಟುತ್ತದೆ. ವರದಿ ಹೋಯಿತು. ನಾಲ್ಕು ಅಕ್ಷರ ಕಲಿಯಲು ಅರ್ಧ ಗಂಟೆ ಸಾಕು, ಅಷ್ಟೂ ಸೋಮಾರಿತನವೇ?

ಗದರಿದೆನೆಂದು ಬೇಜಾರಾಗಬೇಡ, ಕೆಲಸ ನಿನ್ನದು ಎಂಬ ಕಾಳಜಿಗೆ ಹೇಳಿದೆ. ಇನ್ನೊಂದು ಅಕ್ಷರವಿದೆ, ಡಿ. ಲಿನಕ್ಸಿನ ಗ್ನೂ ಟಾರ್ ಅದರಿಂದ ಗಂಟಿನೊಳಗಿನ ಒಂದೊಂದು ಕಡತವನ್ನೂ ಮೂಲದ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಬಾಯಿಬಿಡುತ್ತದೆ. ಇವತ್ತು ರಾತ್ರಿ ಅದನ್ನು ಓಡಿಸು. ಅದು ಸುಮ್ಮನಿದ್ದರೆ ಗಂಟನ್ನು ಇನ್ನೊಂದು ಡಿಸ್ಕಿಗೆ ನಕಲಿಸಿಕೊಂಡು, ಆಮೇಲೆ ಅಳಿಸು.