ಪರಿಮಳದ ಸಾಕ್ಷ್ಯ: ಸುಗಂಧ ಸಸ್ಯಗಳ ವರ್ಗೀಕರಣ

ಭೂಮಿಯ ಮೇಲೆ ಬೆಳೆಯುವ ಲಕ್ಷಾಂತರ ಬಗೆಯ ಸಸ್ಯಗಳನ್ನು ಗುರುತಿಸಿ, ಅವುಗಳ ಪರಸ್ಪರ ಸಂಬಂಧವನ್ನು ಅರಿತು, ಕ್ರಮಬದ್ಧವಾಗಿ ವಿಂಗಡಿಸುವ ಶಾಸ್ತ್ರಕ್ಕೆ ಸಸ್ಯ ವರ್ಗೀಕರಣ ಶಾಸ್ತ್ರವೆಂದು ಹೆಸರು. ಸ್ವೀಡನ್ ದೇಶದ ವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ಅಂದಿನಿಂದಲೂ ಹೂವು, ಹಣ್ಣು, ಬೀಜ ಮತ್ತು ಎಲೆಗಳ ರಚನೆಯೇ ವರ್ಗೀಕರಣದ ಮುಖ್ಯ ಆಧಾರವಾಗಿದೆ. ಆದರೆ ಕೆಲವು ಸಸ್ಯಗಳಲ್ಲಿ ಈ ಲಕ್ಷಣಗಳಷ್ಟೇ ಸಾಲವು. ನೋಟಕ್ಕೆ ಒಂದೇ ಆಗಿ ಕಾಣುವ ಎರಡು ಗಿಡಗಳ ಎಲೆಗಳನ್ನು ಹಿಸುಕಿ ಮೂಸಿದಾಗ ಅವು ಬೇರೆ ಬೇರೆ ಎಂಬುದು ಗೊತ್ತಾಗುವುದುಂಟು. ಮೂಗಿಗೆ ತಿಳಿಯುವ ಈ ಭೇದವನ್ನು ರಸಾಯನಶಾಸ್ತ್ರದ ನೆರವಿನಿಂದ ಅಳೆದು, ಸಸ್ಯಗಳ ಗುರುತಿಗೆ ಬಳಸುವುದು ರಾಸಾಯನಿಕ ವರ್ಗೀಕರಣದ ಒಂದು ಮುಖ್ಯ ವಿಧಾನ.

ಪರಿಮಳದ ಮೂಲ

ಸುಗಂಧ ಸಸ್ಯಗಳ ಪರಿಮಳಕ್ಕೆ ಕಾರಣ ಅವುಗಳಲ್ಲಿರುವ ಆವಿಯಾಗುವ ತೈಲ. ತುಳಸಿಯಲ್ಲಿ ಈ ತೈಲವು ಎಲೆಯ ಮೇಲ್ಮೈಯಲ್ಲಿರುವ ಸೂಕ್ಷ್ಮ ಗ್ರಂಥಿಗಳಲ್ಲಿ ಶೇಖರವಾಗುತ್ತದೆ. ನಿಂಬೆ ಮತ್ತು ನೀಲಗಿರಿ ಎಲೆಗಳಲ್ಲಿ ಒಳಗಿರುವ ಚಿಕ್ಕ ಕೋಶಕುಹರಗಳಲ್ಲಿ ಸಂಗ್ರಹವಾಗುತ್ತದೆ. ಒಂದೊಂದು ತೈಲವೂ ಹತ್ತಾರು, ಕೆಲವೊಮ್ಮೆ ನೂರಾರು ಸಂಯುಕ್ತಗಳ ಮಿಶ್ರಣ. ಇವುಗಳಲ್ಲಿ ಹೆಚ್ಚಿನವು ಟರ್ಪೀನ್ ವರ್ಗಕ್ಕೆ ಸೇರಿದವು. ಐದು ಇಂಗಾಲದ ಪರಮಾಣುಗಳ ಘಟಕಗಳು ಒಂದಕ್ಕೊಂದು ಜೋಡಣೆಯಾಗಿ ಹತ್ತು ಅಥವಾ ಹದಿನೈದು ಇಂಗಾಲಗಳ ಸಂಯುಕ್ತಗಳು ಉಂಟಾಗುತ್ತವೆ. ಈ ಜೋಡಣೆಯನ್ನು ನಡೆಸುವುದು ಸಸ್ಯದ ಕಿಣ್ವಗಳು. ಕಿಣ್ವಗಳನ್ನು ನಿರ್ಧರಿಸುವುದು ವಂಶವಾಹಿಗಳು. ಆದ್ದರಿಂದಲೇ ತೈಲದ ಘಟಕಗಳು ಸಸ್ಯದ ವಂಶದ ಬಗ್ಗೆ ಸಾಕ್ಷ್ಯ ನುಡಿಯಬಲ್ಲವು.

ಮೊದಲಿಗೆ ಎಲೆಗಳ ಮೂಲಕ ಹಬೆಯನ್ನು ಹಾಯಿಸಿ ತೈಲವನ್ನು ಬೇರ್ಪಡಿಸಲಾಗುತ್ತದೆ. ಅನಂತರ ಅದರ ಒಂದು ಹನಿಗಿಂತಲೂ ಕಡಿಮೆ ಅಂಶವನ್ನು ಆವಿಯಾಗಿಸಿ, ಅನಿಲದ ಪ್ರವಾಹದೊಡನೆ ಉದ್ದವಾದ ಸಪೂರ ಕೊಳವೆಯೊಳಗೆ ಸಾಗಿಸಲಾಗುತ್ತದೆ. ಒಂದೊಂದು ಸಂಯುಕ್ತವೂ ತನ್ನದೇ ಆದ ಸಮಯಕ್ಕೆ ಹೊರಬಂದು, ದಾಖಲೆಯಲ್ಲಿ ಒಂದು ಶಿಖರವಾಗಿ ಮೂಡುತ್ತದೆ. 1952ರಲ್ಲಿ ಬಳಕೆಗೆ ಬಂದ ಈ ಅನಿಲ ಕ್ರೊಮಾಟೋಗ್ರಫಿ ವಿಧಾನವು ಸುಗಂಧ ಸಸ್ಯಗಳ ಅಧ್ಯಯನಕ್ಕೆ ಹೊಸ ತಿರುವನ್ನು ನೀಡಿತು.

ನೀಲಗಿರಿ ಮರ ಕಲಿಸಿದ ಪಾಠ

ಈ ಪ್ರಯತ್ನ ಇನ್ನೂ ಹಿಂದೆಯೇ ಆರಂಭವಾಗಿತ್ತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಸ್ಯಶಾಸ್ತ್ರಜ್ಞ ಬೇಕರ್ ಮತ್ತು ರಸಾಯನಶಾಸ್ತ್ರಜ್ಞ ಸ್ಮಿತ್ ಜೊತೆಗೂಡಿ ನೀಲಗಿರಿ ಮರದ ಅನೇಕ ಪ್ರಭೇದಗಳ ತೈಲಗಳನ್ನು ಪರೀಕ್ಷಿಸಿ, 1902ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಎಲೆಯ ನರಗಳ ವಿನ್ಯಾಸಕ್ಕೂ ತೈಲದ ಘಟಕಗಳಿಗೂ ಸಂಬಂಧವಿದೆಯೆಂದು ಅವರು ತೋರಿಸಿದರು. ಪ್ರಭೇದಗಳನ್ನು ಬೇರ್ಪಡಿಸಲು ತೈಲವೂ ಒಂದು ನಂಬಿಕೆಯ ಆಧಾರವೆಂಬುದು ಅವರ ಅಭಿಪ್ರಾಯವಾಗಿತ್ತು.

ಆದರೆ 1927ರಲ್ಲಿ ಅದೇ ದೇಶದ ಪೆನ್‌ಫೋಲ್ಡ್ ಮತ್ತು ಮಾರಿಸನ್ ಎಂಬ ವಿಜ್ಞಾನಿಗಳು ಒಂದು ತೊಡಕನ್ನು ಮುಂದಿಟ್ಟರು. ‘ಯೂಕಲಿಪ್ಟಸ್ ಡೈವ್ಸ್’ ಎಂಬ ಪ್ರಭೇದದಲ್ಲಿ ರೂಪದಲ್ಲಿ ಯಾವ ವ್ಯತ್ಯಾಸವೂ ಕಾಣದ ಮರಗಳಿದ್ದವು. ಕೆಲವದರ ತೈಲದಲ್ಲಿ ಪಿಪೆರಿಟೋನ್ ಹೇರಳವಾಗಿದ್ದರೆ, ಮತ್ತೆ ಕೆಲವದರಲ್ಲಿ ಸಿನಿಯೋಲ್ ಪ್ರಧಾನವಾಗಿತ್ತು. ಹಾಗಾದರೆ ಇವನ್ನು ಎರಡು ಪ್ರಭೇದಗಳೆಂದು ಕರೆಯಬೇಕೆ? ಹೂವು, ಹಣ್ಣು, ಎಲೆಗಳು ಒಂದೇ ಆಗಿದ್ದುದರಿಂದ ಹಾಗೆ ಕರೆಯುವುದು ಸರಿಯಲ್ಲವೆಂದು ನಿರ್ಣಯವಾಯಿತು. ಒಂದೇ ಪ್ರಭೇದದೊಳಗಿನ ಇಂತಹ ಭೇದಗಳಿಗೆ ಈಗ ರಾಸಾಯನಿಕ ಬಗೆಗಳೆಂದು ಹೆಸರು.

ರೋಶಾ ಹುಲ್ಲಿನ ಎರಡು ಬಗೆಗಳು

ಭಾರತದಲ್ಲಿ ಇದಕ್ಕೆ ಉತ್ತಮ ಉದಾಹರಣೆ ಸುಗಂಧದ ಹುಲ್ಲುಗಳು. ನಿಂಬೆ ಹುಲ್ಲು, ಸಿಟ್ರೊನೆಲ್ಲಾ ಹುಲ್ಲು, ರೋಶಾ ಹುಲ್ಲು, ಇವೆಲ್ಲ ‘ಸಿಂಬೊಪೊಗಾನ್’ ಎಂಬ ಒಂದೇ ಜಾತಿಗೆ ಸೇರಿವೆ. ಹೂ ಬಿಡದಿರುವಾಗ ಇವುಗಳನ್ನು ಪ್ರತ್ಯೇಕಿಸುವುದು ಕಷ್ಟ. ಮನೆಯ ಹಿತ್ತಲಲ್ಲಿ ಬೆಳೆಸುವ ನಿಂಬೆ ಹುಲ್ಲಂತೂ ಹೂ ಬಿಡುವುದೇ ಅಪರೂಪ. ಇಂತಹ ಸಂದರ್ಭದಲ್ಲಿ ತೈಲವೇ ನೆರವಿಗೆ ಬರುತ್ತದೆ. ಕೇರಳದ ಕಡೆ ಬೆಳೆಯುವ ನಿಂಬೆ ಹುಲ್ಲಿನ ಉತ್ತಮ ತೈಲದಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿ ಸಿಟ್ರಾಲ್ ಇರುತ್ತದೆ; ಜಾವಾ ಸಿಟ್ರೊನೆಲ್ಲಾದಲ್ಲಿ ಸಿಟ್ರೊನೆಲ್ಲಾಲ್, ರೋಶಾ ಹುಲ್ಲಿನಲ್ಲಿ ಜೆರಾನಿಯಾಲ್ ಮುಖ್ಯವಾದವು.

ರೋಶಾ ಹುಲ್ಲಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟುಂಟು. ಟಿಪ್ಪು ಸುಲ್ತಾನನೊಡನೆ ನಡೆದ ಯುದ್ಧದ ಕಾಲದಲ್ಲಿ ಸೇನೆಯೊಡನೆ ಘಟ್ಟದ ಮೇಲಿನ ನಾಡಿಗೆ ಬಂದಿದ್ದ ಜನರಲ್ ಕ್ಲಾಡ್ ಮಾರ್ಟಿನ್ ಇದರ ಬೀಜಗಳನ್ನು ಸಂಗ್ರಹಿಸಿದನು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಈ ಹುಲ್ಲಿಗೆ ಅವನ ಹೆಸರನ್ನೇ ಇಟ್ಟನು.

ಈ ಹುಲ್ಲಿನಲ್ಲಿ ಮೋತಿಯಾ ಮತ್ತು ಸೋಫಿಯಾ ಎಂಬ ಎರಡು ಬಗೆಗಳಿವೆ. ಎರಡರ ಬಾಹ್ಯ ರೂಪದಲ್ಲಿ ವ್ಯತ್ಯಾಸ ಅತ್ಯಲ್ಪ. ಮೋತಿಯಾ ತೈಲಕ್ಕೆ ಗುಲಾಬಿಯನ್ನು ನೆನಪಿಸುವ ಪರಿಮಳವಿದ್ದು, ಜೆರಾನಿಯಾಲ್ ಅದರ ಬಹುಪಾಲು. ಸೋಫಿಯಾ ತೈಲದಲ್ಲಿ ಜೆರಾನಿಯಾಲ್ ಕಡಿಮೆ. ಬೇರೆ ಸಂಯುಕ್ತಗಳು ಹೆಚ್ಚಾಗಿರುವುದರಿಂದ ವಾಸನೆ ಒರಟು, ಬೆಲೆಯೂ ಕಡಿಮೆ. ಒಂದೇ ತೋಟದಲ್ಲಿ ಅಕ್ಕಪಕ್ಕ ಬೆಳೆಸಿದರೂ ಒಂದು ಇನ್ನೊಂದಾಗುವುದಿಲ್ಲ. ಆದುದರಿಂದ ಮೋತಿಯಾ ಎಂದು ನಂಬಿ ಸೋಫಿಯಾ ಬೀಜವನ್ನು ಬಿತ್ತಿದ ರೈತನಿಗೆ ಬಟ್ಟಿ ಇಳಿಸಿದ ದಿನವಷ್ಟೇ ತನ್ನ ನಷ್ಟ ಗೊತ್ತಾಗುತ್ತದೆ. ಸರಿಯಾದ ವರ್ಗೀಕರಣವು ಕೇವಲ ಪಂಡಿತರ ವಿಷಯವಲ್ಲವೆಂಬುದು ಇದರಿಂದ ಸ್ಪಷ್ಟ.

ತುಳಸಿಯ ಬಳಗ

ತುಳಸಿಯ ಬಳಗದಲ್ಲಿಯೂ ಇದೇ ಮಾತು. ಮನೆಯಂಗಳದ ತುಳಸಿಯ ತೈಲದಲ್ಲಿ ಸಾಮಾನ್ಯವಾಗಿ ಯೂಜಿನಾಲ್ ಪ್ರಧಾನ. ಕಾಮಕಸ್ತೂರಿಯಲ್ಲಿ ಲಿನಲೂಲ್ ಅಥವಾ ಮೀಥೈಲ್ ಚಾವಿಕಾಲ್, ಪೂರ್ವ ಆಫ್ರಿಕದಿಂದ ಬಂದ ಕರ್ಪೂರ ತುಳಸಿಯಲ್ಲಿ ಕರ್ಪೂರ ಹೆಚ್ಚಾಗಿರುತ್ತದೆ. ಒಣಗಿಸಿ ಪುಡಿ ಮಾಡಿದ ಎಲೆಯಲ್ಲಿ ಹೂವಿಲ್ಲ, ಆಕಾರವಿಲ್ಲ. ಔಷಧಿಗಾಗಿ ಕೊಂಡ ಅಂತಹ ಪುಡಿ ಯಾವ ಸಸ್ಯದ್ದೆಂದು ಪರೀಕ್ಷಿಸುವಾಗ ಉಳಿದಿರುವ ತೈಲದ ಅಂಶವು ಉಪಯುಕ್ತ ಸುಳಿವನ್ನು ಕೊಡುತ್ತದೆ.

ಎಚ್ಚರಿಕೆಯ ಅಗತ್ಯ

ಆದರೂ ಪರಿಮಳ ಒಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ತಪ್ಪು. ಯೂಜಿನಾಲ್ ತುಳಸಿಯಲ್ಲಿ ಇರುವಂತೆಯೇ ಲವಂಗದಲ್ಲಿಯೂ ದಾಲ್ಚಿನ್ನಿಯ ಎಲೆಯಲ್ಲಿಯೂ ಇದೆ; ಈ ಮೂರೂ ಬೇರೆ ಬೇರೆ ಕುಟುಂಬದ ಸಸ್ಯಗಳು. ವಾಸನೆಯ ಸಾಮ್ಯದಿಂದ ಬಾಂಧವ್ಯ ಸಿದ್ಧವಾಗುವುದಿಲ್ಲ. ಅಲ್ಲದೆ ಸಸ್ಯದ ವಯಸ್ಸು, ಋತು, ಮಣ್ಣು, ಕೊಯ್ದ ವೇಳೆ ಮತ್ತು ಒಣಗಿಸಿದ ಕ್ರಮಕ್ಕೆ ಅನುಸಾರವಾಗಿ ತೈಲದ ಪ್ರಮಾಣಗಳು ಬದಲಾಗುತ್ತವೆ. ಆದುದರಿಂದ ಬೇರೆ ಬೇರೆ ಕಡೆಯ ಗಿಡಗಳನ್ನು ತಂದು, ಒಂದೇ ತೋಟದಲ್ಲಿ ಬೆಳೆಸಿ, ಒಂದೇ ಹಂತದಲ್ಲಿ ಕೊಯ್ದು, ಅನೇಕ ಮಾದರಿಗಳನ್ನು ಹೋಲಿಸಬೇಕು. ಹೀಗೆ ದೊರೆತ ಫಲಿತಾಂಶವನ್ನು ಬಾಹ್ಯ ರಚನೆ, ವರ್ಣತಂತುಗಳ ಸಂಖ್ಯೆ ಮತ್ತು ಡಿ.ಎನ್.ಎ. ಪರೀಕ್ಷೆಗಳೊಡನೆ ತಾಳೆ ನೋಡಬೇಕು. ನಾಲ್ಕೂ ಒಂದೇ ಮಾತನ್ನು ಹೇಳಿದರೆ ನಿರ್ಣಯ ದೃಢವಾಗುತ್ತದೆ. ಹೇಳದಿದ್ದರೆ ಪರಿಶೀಲನೆ ಮುಂದುವರಿಯಬೇಕು.

1959ರಲ್ಲಿ ಆರಂಭವಾದ ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯು ಸುಗಂಧ ಸಸ್ಯಗಳ ಸಂಶೋಧನೆಯಲ್ಲಿ ನಿರತವಾಗಿದೆ. ಬೆಂಗಳೂರಿನಲ್ಲಿಯೂ ಇದರ ಸಂಶೋಧನಾ ಕೇಂದ್ರವಿದೆ. ಬೀಜ ಅಥವಾ ಸಸಿಯನ್ನು ಕೊಳ್ಳುವ ರೈತರು ಕೇವಲ ಊರ ಹೆಸರನ್ನು ನಂಬದೆ, ಅದು ಯಾವ ಪ್ರಭೇದ, ಯಾವ ಬಗೆ, ತೈಲದ ಮುಖ್ಯ ಘಟಕ ಯಾವುದು ಎಂಬುದನ್ನು ವಿಚಾರಿಸಿ ಪಡೆಯುವುದು ಹಿತಕರ. ಪರಿಮಳವು ಸಸ್ಯದ ಒಳಗುಟ್ಟನ್ನು ತಿಳಿಸುವ ಒಳ್ಳೆಯ ಸಾಕ್ಷಿ. ಆದರೆ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ನೀಡುವುದು ವಿಜ್ಞಾನದ ಕ್ರಮವಲ್ಲ.